ಬೇರುಹಾಸಿನ ಅಡಿಯ ಮಣ್ಣು

ಮಳೆ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ, ಎರಿಹೊಸೂರಿನ ಹುಡುಗಿಯರು ಆಗಲೇ ಮೈದಾನಕ್ಕಿಳಿದು ಖೋ ಖೋ ಆಡುತ್ತಿದ್ದರು. ಬೇಲಿಯಾಚೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಕಪ್ಪು ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಬೇಲಿಯೊಳಗೆ ಮಾತ್ರ ಹಸಿರು ಹಾಸು, ಕೆಸರಿನ ಸುಳಿವಿಲ್ಲ. ಹುಲ್ಲು ಪ್ಲಾಸ್ಟಿಕ್ಕಿನದು, ಆದರೆ ಅದರ ಕೆಳಗಿದ್ದದ್ದು ಜೀವವುಳ್ಳದ್ದು.

ಊರವರು ಅದನ್ನು ಬೇರುಹಾಸು ಎನ್ನುತ್ತಿದ್ದರು. ಎರೆಭೂಮಿಯ ಮೇಲೆ ಕೃತಕ ಹುಲ್ಲು ಹಾಸುವುದು ಮೊದಲೆಲ್ಲ ಹುಚ್ಚು ಸಾಹಸವಾಗಿತ್ತು. ಆ ಮಣ್ಣಿನ ಕಣಗಳು ಒಂದರ ಮೇಲೊಂದು ಪೇರಿಸಿದ ತೆಳು ಹಾಳೆಗಳಂತಿರುತ್ತವೆ. ನಡುವೆ ನೀರು ಹೊಕ್ಕರೆ ನೆಲ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಎಷ್ಟು ಜಲ್ಲಿ ಸುರಿದು ರೋಲರ್ ಹೊಡೆಸಿದರೂ ಹಾಸು ಕರಿದ ಹಪ್ಪಳದಂತೆ ಏಳುತ್ತಿತ್ತು. ಡಾ. ಅನ್ನಪೂರ್ಣಾ ಕೆರೂರ ಎಂಬ ವಿಜ್ಞಾನಿ ಹಾಸಿನ ತಳಕ್ಕೆ ಸಣ್ಣ ಎಳೆಗಳನ್ನು ಹೊಲಿದು, ಅವುಗಳೊಳಗೆ ತಾನೇ ಬೆಳೆಸಿದ ಸೂಕ್ಷ್ಮಜೀವಿಯನ್ನು ಇಟ್ಟಳು. ಅದು ಮಣ್ಣಿಗಿಳಿದು ಒಂದು ಬಗೆಯ ಅಂಟನ್ನು ಸುರಿಸಿ, ನಡುವೆ ನೀರು ಹೊಗದಂತೆ ಆ ಹಾಳೆಗಳನ್ನು ಬೆಸೆಯುತ್ತಿತ್ತು. ಬೆಸೆದ ಮಣ್ಣು ಉಬ್ಬಲೂ ಇಲ್ಲ, ಬಿರಿಯಲೂ ಇಲ್ಲ. ದೇಶವೇ ಅವಳನ್ನು ಹೊಗಳಿತು. ಹೊಗಳಬೇಕಾದ್ದೇ ಅನ್ನಿ.

ಹಾಸು ಮೊದಲು ಬಿದ್ದದ್ದು ದ್ಯಾಮಣ್ಣನ ಹೊಲದ ಅಂಚಿನಲ್ಲಿ. ಅವನ ಅಣ್ಣನ ಮಗಳು ಶಾಂಭವಿ ಊರ ಶಾಲೆಯ ಆಟದ ಟೀಚರು. ಒಂದು ಬೇಸಿಗೆಯಲ್ಲಿ ಅವಳ ತಂಡದ ಹುಡುಗಿಯೊಬ್ಬಳ ಪಾದ ನೆಲದ ಬಿರುಕಿಗೆ ಸಿಕ್ಕಿ ಮುರಿದಾಗ ಶಾಂಭವಿ, ಗೆಳತಿ ಅನ್ನಪೂರ್ಣಾಳ ಹಾಸಿಗಾಗಿ ಜಾಗ ಕೊಡೆಂದು ಕಾಕಾನ ಬೆನ್ನು ಹತ್ತಿದಳು. ದ್ಯಾಮಣ್ಣ ಎರಡು ಷರತ್ತು ಹಾಕಿದ. ಬೇಕೆಂದಾಗ ಹಾಸು ತೆಗೆದರೆ ಮಣ್ಣು ಮೊದಲಿನಂತೆಯೇ ಇರಬೇಕು. ಈಶಾನ್ಯದ ಮೂಲೆಯನ್ನು ಬರಿದೇ ಬಿಡಬೇಕು, ಏಕೆಂದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಅವರ ಮನೆತನ ಪೂಜಿಸುವ ಜೋಡಿ ಎತ್ತುಗಳು ಆ ಮೂಲೆಯ ಮಣ್ಣಿನಿಂದಲೇ ಆಗುತ್ತಿದ್ದವು.

"ಹಾಸು ಸುತ್ತಿ ಎತ್ತಿದ್ರ ನಿಮ್ಮ ಮಣ್ಣು ನಿಮಗ, ಕಾಕಾ," ಎಂದು ಅನ್ನಪೂರ್ಣಾ ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ಮಾತು ಕೊಟ್ಟಳು. ಮಣ್ಣು ಹಿಡಿದು ಆಡಿದ ಮಾತಿಗೆ ಆ ಊರಿನಲ್ಲಿ ಯಾರೂ ಕಾಗದ ಕೇಳುವುದಿಲ್ಲ. ಆ ರೂಢಿಯೇ ಅವರಿಗೆ ಮುಳುವಾಯಿತು.

ಹಾಸು ಬಿದ್ದ ಮೇಲೆ ಒಂದು ವರ್ಷ, ಅಮಾವಾಸ್ಯೆಯ ಬೆಳಿಗ್ಗೆ ದ್ಯಾಮಣ್ಣ ಮೂಲೆಯ ಮಣ್ಣು ತಂದು ನೀರು ಹಾಕಿ ಕಲಸಿದ. ಅದು ರವೆಯಂತೆ ಉದುರಿತು. ಇನ್ನಷ್ಟು ನೀರು ಹಾಕಿದರೆ ನೀರು ಬೇರೆ, ಮಣ್ಣು ಬೇರೆ. ಕೈಗೆ ವಯಸ್ಸಾಯಿತೆಂದುಕೊಂಡು ಶಾಂಭವಿಯನ್ನು ಕೂಗಿದ. ಅವಳ ಕೈಯಲ್ಲೂ ಅಷ್ಟೇ. ಆಮೇಲೆ ಇಬ್ಬರೂ ಬೇಲಿ ದಾಟಿ, ಬಿತ್ತಿದ ಹೆಸರುಕಾಳು ಏಕೋ ಮೊಳೆಯದೆ ಉಳಿದಿದ್ದ ಸಾಲುಗಳಿಗೆ ಹೋದರು. ಅಲ್ಲಿಯೂ ರವೆ. ಮೊನ್ನೆ ಬಿದ್ದ ಮಳೆಯ ಒಂದು ಹನಿಯನ್ನೂ ಆ ಮಣ್ಣು ಹಿಡಿದಿಟ್ಟುಕೊಂಡಿರಲಿಲ್ಲ.

ಅಂದು ಅನ್ನಪೂರ್ಣಾ ಹಬ್ಬದ ಊಟಕ್ಕೆ ಬಂದಿದ್ದಳು. ಶಾಂಭವಿ ಮಣ್ಣಿನ ಬುಟ್ಟಿಯನ್ನು ಅವಳ ಮುಂದಿಟ್ಟಳು.

"ಒಂದು ಎತ್ತು ಮಾಡು."

ಅನ್ನಪೂರ್ಣಾ ಬುಟ್ಟಿಯನ್ನು ನೋಡಿದಳು, ಆದರೆ ಕೈ ಹಾಕಲಿಲ್ಲ.

"ನಿನಗ ಗೊತ್ತಿತ್ತು," ಎಂದಳು ಶಾಂಭವಿ.

"ಆ ಜೀವಿ ಇಷ್ಟು ಲಗೂ ಬೇಲಿ ದಾಟತೈತಿ ಅಂತ ಗೊತ್ತಿರಲಿಲ್ಲ."

"ದಾಟತೈತಿ ಅಂತ ಗೊತ್ತಿತ್ತು."

"ಲ್ಯಾಬಿನಾಗೂ ಅದು ಹರಡೋದು ನಿಂತಿರಲಿಲ್ಲ. ನಲವತ್ತು ವರ್ಷ ಹಿಡೀತೈತಿ ಅಂದುಕೊಂಡಿದ್ದೆ. ಅಷ್ಟರಾಗ ಅಂಟು ಬಿಡಿಸೋದನ್ನ ಕಂಡು ಹಿಡೀತೀನಿ ಅನ್ನೋ ಧೈರ್ಯ ಇತ್ತು."

"ಹಂಗಾದ್ರ ನಮ್ಮ ಹೊಲಾನ ಯಾಕ ಬೇಕಾತು ನಿನಗ?"

ಅನ್ನಪೂರ್ಣಾಳ ದನಿ ತಗ್ಗಿತು. "ಬ್ಯಾರೆ ಯಾರೂ ಪ್ರಶ್ನೆ ಕೇಳದ ಕೊಡತಿರಲಿಲ್ಲ, ಶಾಂಭವಿ."

ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ತಂಡದವರು. ಬೆನ್ನ ಹಿಂದಿನಿಂದ ಅನ್ನಪೂರ್ಣಾ ಖೋ ಕೊಟ್ಟರೆ ಶಾಂಭವಿ ತಿರುಗಿ ನೋಡದೆ ಎದ್ದು ಓಡುತ್ತಿದ್ದಳು. ಆ ಆಟದಲ್ಲಿ ತಿರುಗಿ ನೋಡುವವರು ಸೋಲುತ್ತಾರೆ. ಗೆಳತಿಯ ಸುಳ್ಳಿಗಿಂತ, ಆ ಸುಳ್ಳಿಗೆ ತನ್ನ ನಂಬಿಕೆಯನ್ನೇ ಹದ ನೋಡಿ ಆರಿಸಿಕೊಂಡಳಲ್ಲ ಎಂಬುದು ಶಾಂಭವಿಗೆ ಹೆಚ್ಚು ನೋವು ಕೊಟ್ಟಿತು. ಕಾಕಾ ಹೊಲ ಕೊಟ್ಟದ್ದು ವಿಜ್ಞಾನಿಯ ಮುಖ ನೋಡಿ ಅಲ್ಲ, ತನ್ನ ಮುಖ ನೋಡಿ.

ದ್ಯಾಮಣ್ಣ ಕೂಗಾಡಲಿಲ್ಲ. "ನನ್ನ ಹೊಲ ದಾಟಿದ್ರ ಹಡಪದವರ ಹೊಲ. ಅದನ್ನ ದಾಟಿದ್ರ ಕೆರಿ. ಎಲ್ಲಿ ನಿಂದರತೈತಿ ಇದು, ಬಾಯಾರ?" ಎಂದು ಕೇಳಿದ. ಅಲ್ಲಿಯವರೆಗೆ ಅನ್ನಪೂರ್ಣಾಳನ್ನು 'ತಂಗಿ' ಎನ್ನುತ್ತಿದ್ದವನು ಈಗ ಹೊರಗಿನ ಮೇಡಂಗೆ ಅನ್ನುವಂತೆ 'ಬಾಯಾರ' ಎಂದಿದ್ದ.

"ಹಡಪದವರ ಕಡೆಯಿಂದ ಒಂದು ಬುಟ್ಟಿ ಮಣ್ಣು ತರಲೇನು, ಕಾಕಾ?" ಎಂದಳು ಶಾಂಭವಿ.

"ಬ್ಯಾಡ. ಎತ್ತು ನಮ್ಮ ಹೊಲದ್ದ ಆಗಬೇಕು."

ಅವನು ದನದ ಕೊಟ್ಟಿಗೆಗೆ ಹೋಗಿ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕ್ಯಾನ್ವಾಸ್ ಬೂಟುಗಳನ್ನು ತಂದ. ಶಾಂಭವಿಯವೇ ಅವು. ಹಾಸು ಬೀಳುವ ಹಿಂದಿನ ಮಳೆಗಾಲದಲ್ಲಿ ಇದೇ ಹೊಲದ ಕೆಸರಿಗೆ ಬೇಸತ್ತು, ತೊಳೆಯದೆ ಅಲ್ಲಿಗೆ ಎಸೆದಿದ್ದಳು. ಅಟ್ಟೆಗೆ ಕಚ್ಚಿಕೊಂಡಿದ್ದ ಒಣ ಮಣ್ಣನ್ನು ದ್ಯಾಮಣ್ಣ ಕುಡುಗೋಲಿನ ತುದಿಯಿಂದ ಕೆರೆದು ತಟ್ಟೆಗೆ ಹಾಕಿ ನೀರು ಚಿಮುಕಿಸಿದ. ಮಣ್ಣು ನೀರು ಕುಡಿದು ಉಬ್ಬಿತು, ಬೆರಳಿಗೆ ಅಂಟಿತು. ಶಾಂಭವಿ ಗಳಗಳನೆ ಅತ್ತುಬಿಟ್ಟಳು.

ಹೆಬ್ಬೆರಳಿನಷ್ಟು ಒಂದು ಎತ್ತು ಆಯಿತು. ಜೋಡಿಗೆ ಮಣ್ಣು ಸಾಲಲಿಲ್ಲ. ಆ ಮನೆಯಲ್ಲಿ ಆ ವರ್ಷ ಒಂಟಿ ಎತ್ತಿಗೆ ಪೂಜೆಯಾಯಿತು, ಅನ್ನಪೂರ್ಣಾ ಉಣ್ಣದೆ ಎದ್ದುಹೋದಳು.

ಇದೆಲ್ಲ ಇನ್ನೂ ನಡೆದಿಲ್ಲ, ನಡೆಯುವುದಕ್ಕೆ ಮೂವತ್ತು ವರ್ಷಗಳಿವೆ. ನಮ್ಮ ಈ ಮಳೆಗಾಲದಲ್ಲಿ ಎರೆಹೊಲ ದಾಟಿ ಬಂದವರು ಬೈದುಕೊಳ್ಳುತ್ತ, ಮೆಟ್ಟಿಲ ಕಲ್ಲಿಗೆ ಚಪ್ಪಲಿ ಉಜ್ಜಿ ಕೆಡವುವ ಮಣ್ಣಿನಿಂದ ಇವತ್ತಿಗೂ ಜೋಡಿ ಎತ್ತು ಮಾಡಬಹುದು.