ಎರಡೆಳೆ ವಿಭೂತಿ

ಕಂಪ್ಯೂಟರ್ ಇದ್ದಲ್ಲೇ ಇತ್ತು. ಮದುವೆ ಮಾತ್ರ ಕಾಣೆಯಾಗಿತ್ತು.

ಬೆಳಿಗ್ಗೆ ಕಾಫಿ ಹಿಡಿದು ಕೆಲಸಕ್ಕೆ ಕೂತ ರಶ್ಮಿ ಮೊದಲು ತೆರೆಯ ಮೇಲೆ ಹುಡುಕಿದಳು, ಆಮೇಲೆ ಮೇಜಿನ ಕೆಳಗೆ ಬಗ್ಗಿ ಹುಡುಕಿದಳು. ವಿಡಿಯೊ ಎಲ್ಲಾದರೂ ಮೇಜಿನ ಕೆಳಗೆ ಬಿದ್ದಿರುತ್ತದೆಯೇ? ಗಾಬರಿ ಬಿದ್ದವರಿಗೆ ಅದೆಲ್ಲಿ ಹೊಳೆಯುತ್ತದೆ! ಅವಳೇ ಕ್ಯಾಮೆರಾ ಹಿಡಿದು ತೆಗೆದ ಶಿವಾಜಿನಗರದ ಅಂಬ್ರೀನಳ ಮದುವೆ, ಹೆಂಗಸರ ಕಡೆಯದು ಪೂರ್ತಿ, ಇಲ್ಲವೇ ಇಲ್ಲ. ಭೀಮಾಶಂಕರನಿಗೆ ಫೋನು ಮಾಡಿದಳು.

ಭೀಮಾಶಂಕರ ಯಾದಗಿರಿ ಕಡೆಯವನು. ಒಂಬತ್ತನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಹಲಸೂರು ಬಜಾರಿನಲ್ಲಿ ಬೀರುವಿನಷ್ಟಗಲದ ಅಂಗಡಿ. ವೈರು, ಮೌಸು, ಕೀಬೋರ್ಡು, ಮೆಮೊರಿ. ರಾತ್ರಿ ಮಲಗಲು ಕೆ.ಆರ್. ಪುರದಲ್ಲೊಂದು ಕೋಣೆ. ಸಿಟ್ಟು ಮೂಗಿನ ತುದಿಯಲ್ಲಿ. ಅದನ್ನು ಇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ.

ರಶ್ಮಿಯ ಕಟ್ಟಡದ ಕೆಳಗೆ ಫಹ್ಮಿದಾಳ ಟೈಲರಿಂಗ್ ಅಂಗಡಿ. ಅವಳ ಫೋನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಮೋಟು ವೈರಿನಲ್ಲಿ ಬಾವಲಿಯ ಹಾಗೆ ತಲೆಕೆಳಗಾಗಿ ಜೋತಾಡುತ್ತಿತ್ತು.

"ಏನ್ ಭಾಯ್, ಬೆಳಿಗ್ಗೆ ಬೆಳಿಗ್ಗೇನೇ ಮೂಗಲ್ಲಿ ಹೊಗೆ?" ಓಡಿಬಂದ ಭೀಮನನ್ನು ಅವಳು ಕೇಳಿದಳು.

"ಮ್ಯಾಲೆ ಬೆಂಕಿ ಬಿದ್ದದಂತ ಅಕ್ಕಾ. ನೋಡ್ಕೊಂಡು ಬರ್ತೀನಿ."

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ.

ಮೇಜಿನ ಮೇಲೆ ಅಂಗೈ ಅಗಲದ ಹೊಸ ಕಂಪ್ಯೂಟರು. ಅವನೇ ತಂದುಕೊಟ್ಟದ್ದು. ಅಷ್ಟು ಚಿಕ್ಕದರ ಹೊಟ್ಟೆಯಲ್ಲಿ ಜಾಗವೆಷ್ಟು? ಒಂದು ಮದುವೆಯ ಅರಿಶಿನ ಶಾಸ್ತ್ರಕ್ಕೇ ತುಂಬಿಹೋಗುತ್ತದೆ. ಅದಕ್ಕೇ ಅದರ ಕೆಳಗೆ ಅಷ್ಟೇ ಅಗಲದ, ಅದೇ ಬೆಳ್ಳಿ ಬಣ್ಣದ ಒಂದು ಸ್ಟ್ಯಾಂಡು ಕೂರಿಸಿದ್ದ. ನೋಡುವವರಿಗೆ ಬರೀ ಮಣೆ. ಅದರೊಳಗೆ ದೊಡ್ಡ ಮೆಮೊರಿ, ಹಿಂದೆ ನಾಲ್ಕಾರು ಪೋರ್ಟು. ಒಂದು ಮೋಟು ವೈರು ಎರಡನ್ನೂ ಬೆಸೆಯುತ್ತಿತ್ತು. ರಶ್ಮಿಯ ಕೆಲಸವೆಲ್ಲ ಇದ್ದದ್ದು ಆ ಮಣೆಯೊಳಗೆ.

ಅವಳ ಪಕ್ಕದಲ್ಲಿ ಮನೆ ಓನರ್ ಗೋವಿಂದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇನ್ನೊಂದು ಕಡೆ ಇಟ್ಟಿಲ್ಲೇನ್ರಿ?" ಭೀಮ ಕೇಳಿದ.

"ಇಲ್ಲ," ಎಂದಳು ರಶ್ಮಿ. "ಅವ್ರ ಮನೇವ್ರು ಮೊದ್ಲೇ ಹೇಳಿದ್ರು. ಹೆಂಗಸ್ರ ಕಡೆ ವಿಡಿಯೊ ಹೆಂಗಸೇ ತೆಗೀಬೇಕು, ನೆಟ್ಟಿಗೆ ಹಾಕಬಾರ್ದು, ಕಾಪಿ ಮಾಡಬಾರ್ದು, ಯಾರಿಗೂ ತೋರಿಸಬಾರ್ದು. ಒಪ್ಕೊಂಡಿದ್ದೆ. ಕ್ಯಾಮೆರಾ ಕಾರ್ಡೂ ಅಳಿಸಿಬಿಟ್ಟೆ, ಮುಂದಿನ ಮದ್ವೆಗೆ ಬೇಕಿತ್ತು."

ಭೀಮ ಸ್ಕ್ರೂಡ್ರೈವರ್ ತೆಗೆದು ಸ್ಟ್ಯಾಂಡಿನ ತಳ ಬಿಚ್ಚಿದ.

ಒಳಗೆ ಖಾಲಿ.

ಮೆಮೊರಿ ಇರಬೇಕಾದ ಸಣ್ಣ ಹಸಿರು ತೊಟ್ಟಿಲು ಬೋಳಾಗಿತ್ತು. ಮೂವರೂ ಅದನ್ನೇ ನೋಡಿದರು. ಮೊದಲು ಬಾಯಿಬಿಟ್ಟವರು ಗೋವಿಂದಮ್ಮ.

"ಕಳ್ಳ ಬಂದಿದ್ರೆ ಮೇಲಿಂದು ಹೊತ್ಕೊಂಡು ಹೋಗ್ತಿದ್ದ. ಮಣೆ ಒಳ್ಗೆ ಮೆಮೊರಿ ಅದೆ ಅಂತ ಯಾರ್ಗಪ್ಪಾ ಗೊತ್ತು? ನಿಂಗೇ ತಾನೇ? ಬಿಚ್ಚೋ ಸಾಮಾನೂ ನಿನ್ ಕೈಲೇ ಐತಲ್ಲಾ!"

"ಏನಂದ್ರಿ?"

"ಇರೋದ್ ಅಂದೆ. ಮೊನ್ನೆ ಇವ್ಳು ಸ್ನಾನಕ್ಕೆ ಹೋದಾಗ ನೀನೊಬ್ನೇ ಇಲ್ಲಿ ಕೂತಿರ್ಲಿಲ್ವಾ?"

ಭೀಮ ರಶ್ಮಿಯತ್ತ ತಿರುಗಿದ. ಅವಳು ಇಲ್ಲ ಎನ್ನಲಿಲ್ಲ. ಕಣ್ಣು ಬೇರೆ ಕಡೆ ಹೊರಳಿಸಿದಳು—ಅಷ್ಟೇ. ಗೋವಿಂದಮ್ಮನ ಬಾಯಿಗಿಂತ ಅದೇ ಹೆಚ್ಚು ಚುಚ್ಚಿತು. ಈ ಗಲ್ಲಿಯ ಒಂದೊಂದು ಮನೆಗೂ ಅವನು ನಂಬಿಕೆಯ ಮೇಲೆ ಒಳಗೆ ಹೋಗುವವನು. ಮಲಗುವ ಕೋಣೆಯ ತನಕ ಬಿಟ್ಟುಕೊಳ್ಳುತ್ತಾರೆ. ಕಳ್ಳನೆಂಬ ಹೆಸರು ಬಂದರೆ ಸಂಜೆಯೊಳಗೆ ಅಂಗಡಿಗೆ ಬೀಗ. ಬೆಂಗಳೂರಿನಲ್ಲಿ ಅವನಿಗಿದ್ದದ್ದು ಆ ಹೆಸರೊಂದೇ. ನೆಂಟರಿಲ್ಲ, ಜನವಿಲ್ಲ.

"ಸಂಜೆ ತಂಕ ನೋಡು. ಆಮೇಲೆ ಸ್ಟೇಷನ್ನೇ," ಎಂದರು ಗೋವಿಂದಮ್ಮ.

"ಸಂಜೆ ಯಾಕ್ರೀ? ಈಗ್ಲೇ ನಡೀರಿ! ಹೋಗೂಕಿಂತ ಮೊದ್ಲು ನಾ ಕೇಳಿದ್ದಕ್ಕ ಹೇಳ್ರಿ." ಅವನ ಕಿವಿ ಕೆಂಪಾಗಿತ್ತು. "ರಶ್ಮಿಯವ್ರೇ, ಕಡೀ ಸಲ ಯಾವಾಗ ನೋಡಿದ್ರಿ?"

"ನಿನ್ನೆ ಬೆಳಿಗ್ಗೆ. ಆಮೇಲೆ ಜೀವನ್ ಬಿಮಾ ನಗರಕ್ಕೆ ಹೋದೆ, ಹೊಸ ಪಾರ್ಟಿ ಮಾತಾಡೋಕೆ. ಬೇಗ ಮುಗೀತು, ಬಂದು ಮಲಗ್ಬಿಟ್ಟೆ. ಮುಟ್ಟಲೇ ಇಲ್ಲ."

"ಕೀಲಿ?"

"ಒಂದು ಈ ಓನರ್ ಆಂಟಿ ಹತ್ರ ಇರುತ್ತೆ. ನಂದು ಕೆಳಗೆ ಫಹ್ಮಿದಾ ಅಕ್ಕನ ಹತ್ರ ಕೊಟ್ಟು ಹೋಗ್ತೀನಿ, ದಿನಾ."

"ಹಂಗಾದ್ರೆ ಇನ್ನೇನು?" ಗೋವಿಂದಮ್ಮ ದನಿ ತಗ್ಗಿಸಿದರು. "ಇವ್ನಲ್ದಿದ್ರೆ ಅವ್ಳು. ಆ ಜನಾನ ನಂಬಬಾರ್ದು ಅಂತ ನಾನು..."

"ಬಾಯಿ ಮುಚ್ರೀ ಅಮ್ಮಾರೇ!" ಭೀಮ ಸಿಡಿದ. "ಒಂದು ಗಳಿಗಿ ಹಿಂದ ನಾ ಕಳ್ಳಾಗಿದ್ದೆ. ಈಗ ಅಕಿ. ನಿಮಗ ಬೇಕಾಗಿದ್ದು ಮೆಮೊರಿ ಏನು, ಕಳ್ಳ ಏನು?"

ಭೀಮ ಸಿಟ್ಟಿನಲ್ಲಿ ಸ್ಟ್ಯಾಂಡಿನ ತಳ ಮುಚ್ಚಿ, ಮೊದಲಿದ್ದ ಹಾಗೆ ಮೇಜಿನ ಮೇಲಿಟ್ಟು, ಅದರ ಮೇಲೆ ಕಂಪ್ಯೂಟರ್ ಕೂರಿಸಿದ. ಕೈ ಅಲ್ಲೇ ನಿಂತಿತು.

ಕಂಪ್ಯೂಟರಿನ ಮುಂಬದಿಗೆ ಬಳಿದ ವಿಭೂತಿ ಇತ್ತು. ಹೊಸ ಸಾಮಾನು ಜೋಡಿಸಿದ ಮೇಲೆ ಅವನೇ ಬಳಿಯುತ್ತಿದ್ದ. ಅವ್ವ ಕೊಟ್ಟ ಗಟ್ಟಿಯೊಂದು ಚೀಲದಲ್ಲಿ ಸದಾ ಇರುತ್ತದೆ. ಮೂರು ಬೆರಳಿಗೆ ಮೆತ್ತಿಕೊಂಡು, ಪೋರ್ಟಿನ ತೂತಿಗೆ ಬೂದಿ ಹೋಗದ ಹಾಗೆ ಪಕ್ಕದಲ್ಲಿ ಎಳೆಯುತ್ತಾನೆ.

"ರಶ್ಮಿಯವ್ರೇ, ಎಷ್ಟು ಎಳಿ ಅದಾವ ನೋಡ್ರಿ."

"ಎರಡು. ಯಾಕೆ?"

"ಎರಡೆಳಿ ವಿಭೂತಿ ಹಚ್ಚೋ ಮನುಷ್ಯಾ ಎಲ್ಲೆರ ಅದಾನೇನು?"

ರಶ್ಮಿ ಮುಂದಕ್ಕೆ ಬಾಗಿದಳು. ಅವಳೂ ಉತ್ತರದವಳೇ, ಗದಗಿನ ಕಡೆಯವಳು. ಹಣೆಯ ಮೇಲೆ ಮೂರೆಳೆ ಕಾಣದೆ ಬೆಳೆದವಳಲ್ಲ. ವಾರದಿಂದ ಅದರ ಮುಂದೆಯೇ ಕೂತಿದ್ದಳು, ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದಳು.

"ಮೂರನೇದು..."

"ಮೂರನೇದು ಕೆಳಗಿನ ಸ್ಟ್ಯಾಂಡಿನ ಮ್ಯಾಲೆ ಬಿದ್ದಿತ್ತು. ನನ್ನ ಬೆರಳು ದಪ್ಪ, ಕಂಪ್ಯೂಟರು ತೆಳ್ಳಗ. ಈಗ ಈ ಸ್ಟ್ಯಾಂಡು ನೋಡ್ರಿ. ಒರೆಸಿದ ಗುರ್ತೂ ಇಲ್ಲ. ಒಳಗಿನ ಮೆಮೊರಿ ಯಾರೂ ತೆಗೆದಿಲ್ಲ—ಇಡೀ ಸ್ಟ್ಯಾಂಡೇ ಬದ್ಲಾಗೇದ. ಇದು ಹೊಸಾದು, ಖಾಲೀದು."

"ಅಂಥವು ನಿನ್ ಅಂಗಡೀಲೇ ತಾನೇ ಇರಾದು?" ಗೋವಿಂದಮ್ಮ ಬಿಡಲಿಲ್ಲ.

"ನಾ ಬದ್ಲಾಯಿಸಿದ್ರ ಅದಕ್ಕೂ ಒಂದೆಳಿ ಹಚ್ಚಿ ಇಡ್ತಿದ್ದಿಲ್ಲೇನ್ರಿ? ಗಟ್ಟಿ ನನ್ನ ಚೀಲದಾಗೇ ಅದ!"

ಭೀಮನಿಗೆ ಗೆದ್ದ ಹಾಗೆನಿಸಿತು. ಮಾತು ನಿಲ್ಲಿಸಲಿಲ್ಲ.

"ತಗೊಂಡವ್ರು ಗಡಿಬಿಡಿ ಮಾಡ್ಯಾರ. ಹಳೇ ವೈರು ಇಲ್ಲೇ ಬಿಟ್ಟಾರ ನೋಡ್ರಿ, ನಾ ಸುತ್ತಿದ ಕರೀ ಟೇಪು ಇನ್ನೂ ಅದ. ಹೊಸ ಸ್ಟ್ಯಾಂಡಿನ ಡಬ್ಬಿಯೊಳಗೂ ಇಂಥಾದ್ದೇ ಒಂದು ಮೋಟು ವೈರು ಬರ್ತದ. ಅಷ್ಟು ಮೋಟು ವೈರು ಯಾರೂ ಬ್ಯಾರೆಯಾಗಿ ಕೊಳ್ಳಂಗಿಲ್ಲ. ಅದು ಎಲ್ಲಿ ಸಿಗ್ತದೋ..."

ಮಾತು ಅಲ್ಲೇ ನಿಂತಿತು.

ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಬರುವಾಗಲೇ ನೋಡಿದ್ದ.

"ಏನಾಯ್ತೋ?" ಎಂದರು ಗೋವಿಂದಮ್ಮ.

"ಏನಿಲ್ಲ. ಒಂದು ಸಾಮಾನು ತರ್ಬೇಕು."

ಕೆಳಗೆ ಫಹ್ಮಿದಾ ಬ್ಲೌಸಿನ ತೋಳು ಹೊಲಿಯುತ್ತಿದ್ದಳು. ಭೀಮ ಗೋಡೆಯ ಬಳಿ ಹೋಗಿ, ಜೋತಾಡುತ್ತಿದ್ದ ಫೋನನ್ನು ಬಿಡಿಸಿ, ಮೋಟು ವೈರನ್ನು ಅವಳ ಮಿಷಿನ್ನಿನ ಮೇಲಿಟ್ಟ. ಚಕ್ರ ನಿಂತಿತು.

"ಎಲ್ಲಿ ಅದ ಅಕ್ಕಾ?"

ಅವಳು ಸುಳ್ಳು ಹೇಳಲಿಲ್ಲ. ತುಂಡುಬಟ್ಟೆಯ ರಾಶಿಗೆ ಕೈಹಾಕಿ ಸ್ಟ್ಯಾಂಡು ತೆಗೆದಳು. ದುಪಟ್ಟಾದಲ್ಲಿ ಸುತ್ತಿ ಇಟ್ಟಿದ್ದಳು, ಕೂಸಿನ ಹಾಗೆ. ಬಿಚ್ಚಿದಾಗ ಮುಂಬದಿಯಲ್ಲಿ ಒಂದೆಳೆ ಬೂದಿ ಇನ್ನೂ ಇತ್ತು.

"ಯಾಕ?" ಅವನಿಗೆ ಕಿರುಚಬೇಕಿತ್ತು. ಮೆಲ್ಲಗೆ ಕೇಳಿದ.

"ಅಂಬ್ರೀನ್ ನನ್ ತಂಗಿ ಭಾಯ್."

"ನಿಮ್ಮ ತಂಗಿ?"

"ನಾನ್ ಮನೆ ಬಿಟ್ಟು ಮದ್ವೆ ಮಾಡ್ಕೊಂಡೆ. ಮದ್ವೆ ನಿಲ್ಲಲಿಲ್ಲ. ಅವ್ರ ಕೋಪ ನಿಂತ್ಬಿಡ್ತು. ಶಿವಾಜಿನಗರ ಇಲ್ಲಿಂದ ಎಷ್ಟು ದೂರ ಇದೆ? ಆಟೊ ಹತ್ತಿದ್ರೆ ಬಂದೇಬಿಡುತ್ತೆ. ನಂಗೆ ಮಾತ್ರ ಬರೋದಿಲ್ಲ. ಮೇಲೆ ರಶ್ಮಿ ಎಡಿಟ್ ಮಾಡ್ತಾ ಇದ್ರೆ ಗೀತದ ಸದ್ದು ಕೆಳಗೆ ಬರ್ತಿತ್ತು. ನಮ್ಮ ಅಮ್ಮಿ ಹಾಡೋದು. ನಾನ್ ಇಲ್ಲಿ ಬಟನ್ ಹಾಕ್ತಾ ಕೂತಿದ್ದೆ."

"ಕೇಳಬೇಕಿತ್ತಲ್ಲ!"

"ಕೇಳ್ದೆ. ಯಾರಿಗೂ ತೋರಿಸಲ್ಲ ಅಂದ್ಳು. ತಂಗಿ ಅಂತ ಹೇಳಿದ್ರೆ ಮನೆಗೆ ಗೊತ್ತಾಗಿ ಅವ್ಳ ಕೆಲ್ಸಾನೇ ಕಿತ್ಕೊಳ್ತಾರೆ. ಧೂಳು ಒರೆಸೋಕೆ ಹೋದ್ರೆ ಅವ್ಳೇ ಹೇಳ್ತಿದ್ಳು, ಈ ಸ್ಟ್ಯಾಂಡ್ ಮುಟ್ಬೇಡ ಅಕ್ಕಾ, ನನ್ ಅನ್ನ ಇದ್ರಲ್ಲೇ ಇದೆ ಅಂತ. ನಿನ್ನೆ ಅವ್ಳು ಬರೋದ್ರೊಳಗೆ ನೋಡಿ ವಾಪಸ್ ಇಡೋಣ ಅಂದ್ಕೊಂಡೆ. ಅವ್ಳು ಬೇಗ ಬಂದ್ಬಿಟ್ಳು."

"ಮೊದ್ಲೇ ಬ್ಯಾರೆ ಅಂಗಡಿಯಿಂದ ಹೊಸಾದು ತಂದು ಇಟ್ಟಿದ್ರೇನು?"

"ಜಾಗ ಖಾಲಿ ಇದ್ರೆ ಕಳ್ತನ ಅಂತಾರೆ. ಇದ್ದಂಗೇ ಇದ್ರೆ ಮಿಷಿನ್ ಕೆಟ್ಟಿದೆ ಅಂತಾರೆ. ಮಿಷಿನ್ನ ಯಾರ್ ಬೈತಾರೆ ಭಾಯ್?"

"ಮಿಷಿನ್ ಮಾರಿದಾವನ್ನ ಬೈತಾರ!"

ಅವಳು ತಲೆ ತಗ್ಗಿಸಿದಳು. ಭೀಮನಿಗೆ ಇದ್ದಕ್ಕಿದ್ದಂತೆ ಇನ್ನೊಂದು ಹೊಳೆಯಿತು.

"ಯಾತರಾಗ ಹಾಕಿ ನೋಡಿದ್ರಿ ಇದನ್ನ? ಫೋನಿಗೇನು?"

"ಹ್ಞೂಂ. ಏನೋ ಇಂಗ್ಲಿಷಲ್ಲಿ ಕೇಳ್ತು."

ಇದು ಫೋನಿಗೆ ತಿಳಿಯುವ ಮೆಮೊರಿಯಲ್ಲ. ತಿಳಿಯದಿದ್ದರೆ ಅದು ಕೇಳುವುದು ಒಂದೇ—ಅಳಿಸಲೇ?

"ಏನ್ ಒತ್ತಿದ್ರಿ? ಖರೆ ಹೇಳ್ರಿ, ಏನ್ ಒತ್ತಿದ್ರಿ?"

"ಏನೂ ಒತ್ತಲಿಲ್ಲ. ಹೆದರ್ಕೊಂಡು ಕಿತ್ಬಿಟ್ಟೆ. ಕಸಮ್, ಆಣೆ ಮಾಡ್ತೀನಿ."

"ಹಂಗಾರ ನೋಡಲೇ ಇಲ್ಲಾ?"

"ಒಂದು ಮುಖಾನೂ ಇಲ್ಲ ಭಾಯ್."

ಇಬ್ಬರೂ ಮೇಲೆ ಹೋದಾಗ ರಶ್ಮಿ ಒಬ್ಬಳೇ ಇದ್ದಳು. ಭೀಮ ಏನೂ ಹೇಳದೆ ಸ್ಟ್ಯಾಂಡು ಬದಲಾಯಿಸಿ, ಟೇಪು ಸುತ್ತಿದ ವೈರು ಸಿಕ್ಕಿಸಿದ. ಕಂಪ್ಯೂಟರಿನ ತಳದ ಬಟನ್ನು ಒತ್ತಲು ಅದನ್ನು ಓರೆ ಮಾಡಬೇಕು. ಓರೆ ಮಾಡಿ ಒತ್ತಿದ. ತೆರೆ ಬೆಳಗಿತು.

ಮದುವೆ ಇತ್ತು. ಇಡಿಯಾಗಿ ಇತ್ತು.

ರಶ್ಮಿ ಅತ್ತಳು. ಅತ್ತು ಮುಗಿದ ಮೇಲೆ ಭೀಮ ಹೇಳಿದ—ವೈರಿನ ವಿಷಯ, ಫೋನಿನ ವಿಷಯ, ತಂಗಿಯ ವಿಷಯ. ಸ್ಟ್ಯಾಂಡು ಒಯ್ದವಳು ಇವಳೇ ಎಂದು ಬೆರಳು ತೋರಿಸಬೇಕಾದಾಗ ಕೈ ಏಳದೆ, ಗಲ್ಲದಿಂದ ತೋರಿಸಿದ. ಕಳ್ಳನನ್ನು ಹಿಡಿದಾಗ ಹೇಗೆ ಎದೆಯುಬ್ಬಿಸಿ ಹೇಳಬೇಕೆಂದು ಮೆಟ್ಟಿಲ ಮೇಲೆ ಲೆಕ್ಕ ಹಾಕಿದ್ದೆಲ್ಲ ಹಾಳಾಯಿತು.

ರಶ್ಮಿ ತೆರೆಯನ್ನು ಫಹ್ಮಿದಾಳಿಗೆ ಕಾಣದಂತೆ ಗೋಡೆಯ ಕಡೆಗೆ ತಿರುಗಿಸಿದಳು.

"ತೋರಿಸೋಕಾಗಲ್ಲ ಅಕ್ಕಾ. ಮಾತು ಕೊಟ್ಟಿದ್ದೀನಿ." ತಾನು ಆ ಕಡೆ ಹೋಗಿ ತೆರೆಯ ಮುಂದೆ ಕೂತಳು. "ಹೇಳಬಾರ್ದು ಅಂತ ಯಾರೂ ಅಂದಿಲ್ಲ. ಕೂತ್ಕೋ. ನಿಮ್ಮಮ್ಮ ಹಸಿರು ಸೀರೆ ಉಟ್ಟಿದ್ದಾರೆ. ಕನ್ನಡಕ ಹಾಕಿದ್ದಾರೆ. ಅಂಬ್ರೀನ್ ಕೈ ಹಿಡ್ಕೊಂಡು ಏನೋ ಹೇಳ್ತಿದ್ದಾರೆ..."

"ಕನ್ನಡಕಾನಾ?" ಎಂದಳು ಫಹ್ಮಿದಾ.

ಭೀಮ ಚೀಲ ಎತ್ತಿಕೊಂಡು ಹೊರಬಂದ.

ಗೇಟಿನ ಬಳಿ ಗೋವಿಂದಮ್ಮ ಕುರ್ಚಿ ಹಾಕಿ ಕೂತಿದ್ದರು. ಎದುರು ಮನೆಯವರೂ ಸೊಪ್ಪು ಸೋಸುತ್ತಾ ಬಾಗಿಲಿಗೆ ಬಂದಿದ್ದರು.

"ಸಿಕ್ತಾ? ಯಾರಂತೆ? ಆ ಟೈಲರ್ ಮೇಲೆ ಹೋದ್ಳಲ್ಲಾ!"

ಒಂದು ಹೆಸರು ಹೇಳಿದರೆ ಇವನ ಹೆಸರು ಉಳಿಯುತ್ತಿತ್ತು. ಆ ಹೆಸರಿಗಾಗಿ ಇವರು ಬೆಳಿಗ್ಗೆಯಿಂದ ಬಾಯಿ ಚಪ್ಪರಿಸಿ ಕಾದಿದ್ದರು. ಅದನ್ನು ಇವರ ಬಾಯಿಗೆ ಹಾಕುವುದೆಂದರೆ! ಭೀಮನ ಸಿಟ್ಟು ಗಂಟಲವರೆಗೆ ಬಂತು. ಯಾರ ಮೇಲೆಂದು ಅವನಿಗೂ ಸರಿಯಾಗಿ ತಿಳಿಯಲಿಲ್ಲ.

"ಯಾರೂ ಅಲ್ರಿ. ಮದ್ವಿ ಸಿಕ್ತು. ನನ್ನ ಸಾಮಾನೇ ಖರಾಬಿತ್ತು. ನಂದೇ ತಪ್ಪು."

"ಮತ್ತೆ ವಿಭೂತಿ ಗಿಭೂತಿ ಅಂತ ಏನೇನೋ ಕುಣಿದಾಡ್ದೆ?"

"ಸುಮ್ನೆ. ತಪ್ಪು ಮುಚ್ಕೊಳ್ಳಾಕ."

"ನೋಡ್ದಾ, ನಾನ್ ಹೇಳ್ಲಿಲ್ವಾ!" ಗೋವಿಂದಮ್ಮ ಎದುರು ಮನೆಗೆ ಕೇಳುವಂತೆ ಅಂದರು. "ಇವ್ನತ್ರ ಒಂದು ವೈರೂ ತಗೋಬೇಡಿ ಕಣ್ರೀ. ಏಯ್, ನಿಂತ್ಕೊ. ಗೇಟಿಗೆ ಅಂಟಿಸಿದ್ದೀಯಲ್ಲ ನಿನ್ ಅಂಗಡಿ ಚೀಟಿ, ಅದನ್ನ ಕಿತ್ಕೊಂಡ್ ಹೋಗು."

ಭೀಮ ಬಗ್ಗಿ ಉಗುರಿನಿಂದ ಕೆರೆಯತೊಡಗಿದ. ಅವನೇ ಗಟ್ಟಿಯಾಗಿ ಅಂಟಿಸಿದ್ದು. ಫೋನ್ ನಂಬರು ಬಂತು. ಹೆಸರು ಸುಲಭಕ್ಕೆ ಬರಲಿಲ್ಲ.