ಮೇಲಿನ ಮನೆಯ ಹೆಂಗಸು

ಹದಿಮೂರನೇ ಮಹಡಿಯಲ್ಲಿ ಯಾರೂ ವಾಸವಿರಲಿಲ್ಲ. ಆದರೂ ಅಲ್ಲಿಂದ ಒಬ್ಬ ಹೆಂಗಸು ಕರೆಯುತ್ತಿದ್ದಳು.

"ಬಾ... ಹೊತ್ತಾಯ್ತು, ಬಾ..."

ಬೆಂಡೆಕಾಯಿ ಹೆಚ್ಚುತ್ತಿದ್ದ ಧಾರಿಣಿಯ ಕೈ ನಿಂತಿತು.

ಆ ಕರೆಗೂ ಮೊದಲು ಒಂದು ರಾಗ ಕೇಳಿಬಂದಿತ್ತು. ಗಂಟೆಗಳನ್ನು ಮೆಲ್ಲಗೆ ಬಾರಿಸಿದಂಥ, ದೂರದ ಧ್ವನಿವರ್ಧಕದಿಂದ ತೇಲಿಬಂದಂಥ ನಿಧಾನದ ರಾಗ. ಅದು ಕಿವಿಗೆ ಬಿದ್ದೊಡನೆ ಅವಳು ಗ್ಯಾಸ್ ಆರಿಸಿದ್ದಳು, ಹೋಗಿ ಮುಂಬಾಗಿಲನ್ನೂ ತೆರೆದಿಟ್ಟು ಬಂದಿದ್ದಳು. ಯಾಕೆ ಹಾಗೆ ಮಾಡಿದೆನೆಂದು ಅವಳಿಗೇ ತಿಳಿಯಲಿಲ್ಲ. ಹನ್ನೊಂದು ವರ್ಷಗಳ ಅಭ್ಯಾಸ ಕೈಕಾಲುಗಳನ್ನು ನಡೆಸಿತ್ತು. ಬುದ್ಧಿ ಹಿಂದೆ ಉಳಿದಿತ್ತು.

ತ್ಸುಕುಬಾ ಬಳಿಯ ಆ ಪುಟ್ಟ ಜಪಾನೀ ಊರಿನಲ್ಲಿ ಪ್ರತಿ ಸಂಜೆ ಐದಕ್ಕೆ ಕಂಬಗಳ ಮೇಲಿನ ಧ್ವನಿವರ್ಧಕಗಳು ಇದೇ ರಾಗ ನುಡಿಸುತ್ತಿದ್ದವು. ಆಡುವ ಮಕ್ಕಳೆಲ್ಲ ಮನೆಗೆ ಮರಳಬೇಕೆಂಬ ಸೂಚನೆ ಅದು. ರಾಗ ಮುಗಿಯುವಷ್ಟರಲ್ಲಿ ಧಾರಿಣಿ ಬಾಗಿಲು ತೆರೆದು ನಿಂತಿರುತ್ತಿದ್ದಳು. ಮಗಳು ಧನ್ಯಾ ಮಣ್ಣು ಮೆತ್ತಿದ ಮೊಣಕಾಲಿನೊಂದಿಗೆ ಓಡಿಬರುತ್ತಿದ್ದಳು.

ಆದರೆ ಇದು ಗ್ರೇಟರ್ ನೋಯ್ಡಾ! ಹನ್ನೆರಡನೇ ಮಹಡಿಯ ಅಡುಗೆಮನೆ. ಹೊರಗೆ ಸೆಪ್ಟೆಂಬರಿನ ಉರಿಬಿಸಿಲು. ಗೋಡೆಯ ಗಡಿಯಾರ ಮಧ್ಯಾಹ್ನದ ಒಂದೂವರೆ ತೋರಿಸುತ್ತಿತ್ತು.

ಒಂದೂವರೆಗೆ ಮೂರೂವರೆ ಗಂಟೆ ಕೂಡಿಸಿದರೆ... ಅಲ್ಲಿ ಈಗ ಸರಿಯಾಗಿ ಸಂಜೆ ಐದು.

ಅವಳು ತಿರುಗಿ ನೋಡಿದಳು. ತೆರೆದ ಬಾಗಿಲಿನಾಚೆ ಉದ್ದನೆಯ ಕಾರಿಡಾರ್ ಖಾಲಿಯಾಗಿತ್ತು. ಒಳಗೆ ಬರುವವರು ಯಾರೂ ಇರಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಗಂಡನನ್ನು ಕೇಳಿದಳು.

"ರೀ... ಈ ಬಿಲ್ಡಿಂಗಲ್ಲಿ ಆ ಐದು ಗಂಟೆ ರಾಗ ಕೇಳಿಸೋಕೆ ಸಾಧ್ಯಾನಾ?"

ರಘುನಂದನ್‌ನ ಕೈ ತಟ್ಟೆಯ ಮೇಲೆ ಒಂದು ಕ್ಷಣ ತಡೆಯಿತು. "ಯಾವ ರಾಗ?"

"ಗೊತ್ತಿಲ್ಲದ ಹಾಗೆ ಕೇಳ್ಬೇಡಿ. ನಮ್ಮೂರಲ್ಲಿ ಬಾರಿಸ್ತಿದ್ರಲ್ಲ..."

"ನಮ್ಮೂರು ಅಂದ್ರೆ?" ಅವನು ತಲೆ ಎತ್ತಲಿಲ್ಲ. "ಬಿಟ್ಟು ಬಂದಾಯ್ತಲ್ಲ ಧಾರಿಣಿ. ಮತ್ತೆ ಯಾಕೆ ಕೆದಕ್ತೀಯ? ಬಿಸಿಲಿಗೆ ಹಾಗೆಲ್ಲ ಅನ್ಸುತ್ತೆ. ನೀರು ಜಾಸ್ತಿ ಕುಡಿ."

ಅಷ್ಟೇ! ಮಾತು ಮುಗಿಯಿತು.

ಏಪ್ರಿಲ್‌ನಲ್ಲಿ ಬಂದಿಳಿದ ದಿನದಿಂದಲೂ ಹೀಗೆಯೇ. ಆ ದೇಶದ ಹೆಸರನ್ನೇ ಅವನು ಎತ್ತುತ್ತಿರಲಿಲ್ಲ. ಅಲ್ಲಿಂದ ತಂದ ಒಂಬತ್ತು ಪೆಟ್ಟಿಗೆಗಳು ಟೇಪು ಬಿಚ್ಚದೆ ಬಾಲ್ಕನಿಯ ಮೂಲೆಯಲ್ಲಿದ್ದವು. ಬಿಚ್ಚೋಣವೆಂದಾಗಲೆಲ್ಲ 'ಆಮೇಲೆ' ಅನ್ನುತ್ತಿದ್ದ. ಇಲ್ಲಿನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತಲ್ಲ! ಅದಕ್ಕಾಗಿಯೇ ಅಲ್ಲವೇ ಅಲ್ಲಿನ ಖಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಆಮೇಲೆ ಬಂದು ಅವಳಿಗೆ ಹೇಳಿದ್ದು?

'ನಾನು ಬಸಿರಾದದ್ದು, ಹೆತ್ತದ್ದು, ಮಗುವಿಗೆ ಮೊದಲ ತುತ್ತು ಉಣಿಸಿದ್ದು ಎಲ್ಲವೂ ಅಲ್ಲಿ. ಇವರಿಗೆ ಅದೆಲ್ಲ ಬರೀ ಟೇಪು ಸುತ್ತಿದ ಪೆಟ್ಟಿಗೆ!'

ಮರುದಿನವೂ ಒಂದೂವರೆಗೆ ರಾಗ ಬಂದಿತು. ಆದರೆ ಬಹಳ ಕ್ಷೀಣವಾಗಿ.

ಧಾರಿಣಿ ಅಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಆರು ವರ್ಷ ದುಡಿದವಳು. ಹೆದರಿಕೆಯಾದರೆ ಅಳೆಯಬೇಕು, ಬರೆದಿಡಬೇಕು ಎಂಬುದು ಅವಳು ಕಲಿತ ಶಿಸ್ತು. ಧನ್ಯಾಳ ಹಳೆಯ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಎಳೆದಳು. ರಾಗ ನಲವತ್ತು ಸೆಕೆಂಡು. ಆಮೇಲೆ ಕಾಗೆಗಳ ಕೂಗು. ಆಮೇಲೆ ಆ ಹೆಂಗಸು. ಮಾತುಗಳು ಈಗ ಕರಗಿಹೋಗಿ ಒಂದು 'ಬಾ...' ಮಾತ್ರ ಉಳಿದಿತ್ತು. ಕೊನೆಯಲ್ಲಿ ಒಂದು ನಗು. ಶಬ್ದ ಬರುತ್ತಿದ್ದದ್ದು ಅಡುಗೆಮನೆಯ ಕಿಟಕಿಯಾಚೆ, ಎಲ್ಲ ಮಹಡಿಗಳ ಪೈಪುಗಳು ಇಳಿಯುವ ಕತ್ತಲೆಯ ಡಕ್ಟಿನಿಂದ.

ಆ ನಗು ಅವಳನ್ನು ಹೆಚ್ಚು ಕಾಡಿತು. ಯಾವ ಚಿಂತೆಯೂ ಇಲ್ಲದವಳ ನಗು ಅದು.

ಪಕ್ಕದ ಮನೆಯ ಪಂಕಜಾ ಆಂಟಿಗೆ ನೋಟ್‌ಬುಕ್ ತೋರಿಸಿದಳು. ಪಂಕಜಾ ಉಡುಪಿ ಕಡೆಯವರು; ಅವರ ಯಜಮಾನರಿಗೆ ನೋಯ್ಡಾದಲ್ಲಿ ಹೋಟೆಲ್ ಇತ್ತು.

"ಮೇಲೆ ಯಾರಿದ್ದಾರೆ ಮಾರಾಯ್ತಿ? ಹದಿಮೂರಂತ ಆ ಮಹಡಿ ಯಾರಿಗೂ ಬೇಡ. ನಾಲ್ಕೂ ಫ್ಲ್ಯಾಟ್ ಖಾಲಿ. ಗಾರ್ಡ್ ಭಯ್ಯಾ ಕೂಡ ಅಲ್ಲಿ ಲಿಫ್ಟಿಂದ ಇಳಿಯಲ್ಲ."

"ಆದ್ರೆ ದಿನಾ ಕೇಳಿಸುತ್ತೆ ಆಂಟಿ. ಶನಿವಾರ, ಭಾನುವಾರ ಬಿಟ್ಟು."

"ಅಚ್ಛಾ? ವಾರಕ್ಕೆ ಎರಡು ದಿನ ರಜೆಯಾ?" ಪಂಕಜಾ ಕನ್ನಡಕ ಮೇಲೇರಿಸಿದರು. "ಹಾಗಾದ್ರೆ ಅದು ಸೆಂಟ್ರಲ್ ಗವರ್ನಮೆಂಟ್ ದೆವ್ವ! ಒಂದೂವರೆಗೆ ಲಂಚ್ ಮುಗಿಸಿ ಬಂದು ಹೆದರಿಸುತ್ತೆ."

ಧಾರಿಣಿ ನಕ್ಕಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ಉಳಿಯಲಿಲ್ಲ.

ಅದೇ ವಾರ ಎರಡು ಸಂಗತಿಗಳು ನಡೆದವು.

ಮೊದಲನೆಯದು, ಒಂದು ಇ-ಮೇಲ್ ಪತ್ರ. ಅವಳ ಹಳೆಯ ಪ್ರಯೋಗಾಲಯದ ಮುಖ್ಯಸ್ಥೆ ಬರೆದಿದ್ದರು: ನಿಮ್ಮ ಜಾಗ ಮತ್ತೆ ಖಾಲಿಯಾಗಿದೆ, ಬರುವಿರಾದರೆ ಅಕ್ಟೋಬರ್ ಒಂದರ ಸಂಜೆಯೊಳಗೆ ತಿಳಿಸಿ.

ಎರಡನೆಯದು, ಒಂದು ಬೀಗದ ಕೈ. ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕುವಾಗ ರಘುನಂದನ್‌ನ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಅಂಕಿಗಳಿದ್ದವು: 1304.

ಅವರ ಮನೆ 1204. ಸರಿಯಾಗಿ ತಲೆಯ ಮೇಲಿನ ಫ್ಲ್ಯಾಟ್.

ಧಾರಿಣಿ ಮೆಷಿನ್ನಿನ ಅಂಚು ಹಿಡಿದು ನಿಂತಳು. ಹಾಗಾದರೆ ಅದು ದೆವ್ವವಲ್ಲ... ದೆವ್ವಕ್ಕೆ ಬೀಗದ ಕೈ ಬೇಕಿಲ್ಲ. ಹೆಣ್ಣಿಗೆ ಬೇಕು!

ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನು ಎತ್ತಿ ಮತ್ತೆ ಜೇಬಿಗೆ ಹಾಕಿಕೊಂಡ. ಆ ರಾತ್ರಿ ಅವಳು ಪತ್ರಕ್ಕೆ ಉತ್ತರ ಬರೆದಿಟ್ಟಳು: 'ಬರುತ್ತೇನೆ. ನಾನು ಮತ್ತು ನನ್ನ ಮಗಳು.' ಕಳುಹಿಸುವುದೊಂದೇ ಬಾಕಿ.

ಅಕ್ಟೋಬರ್ ಒಂದರಂದು ಧನ್ಯಾಳಿಗೆ ಜ್ವರ. ಶಾಲೆಗೆ ಕಳುಹಿಸಲಿಲ್ಲ. ಹೊರಗೆ ಮಬ್ಬು ಕವಿದು ಎದುರಿನ ಟವರು ಅರ್ಧ ಅಳಿಸಿಹೋದಂತಿತ್ತು. ಮಗಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ ಗಡಿಯಾರದಲ್ಲಿ ಒಂದು ಗಂಟೆಯಾಗಿತ್ತು.

ರಾಗ ಶುರುವಾಯಿತು.

ಧಾರಿಣಿ ಬೆಚ್ಚಿದಳು. ಹದಿನೇಳು ದಿನದ ಬರಹದಲ್ಲಿ ಒಮ್ಮೆಯೂ ವೇಳೆ ತಪ್ಪಿರಲಿಲ್ಲ. ಇಂದು ಅರ್ಧ ಗಂಟೆ ಮೊದಲೇ!

ಧನ್ಯಾ ಕಣ್ಣು ಮುಚ್ಚಿಕೊಂಡೇ ಎದ್ದು ಕುಳಿತಳು. "ಅಮ್ಮಾ... ಟೈಮ್ ಹೋ ಗಯಾ. ಮನೆಗೆ ಹೋಗ್ಬೇಕು."

"ನಿನಗೂ ಕೇಳಿಸ್ತಾ ಪುಟ್ಟಾ?" ಧಾರಿಣಿ ಮತ್ತೆ ಗಡಿಯಾರ ನೋಡಿದಳು. "ಆದ್ರೆ ಅದು ಒಂದೂವರೆಗೆ ಬರ್ಬೇಕಲ್ವಾ?"

"ಅಮ್ಮಾ, ಮರ್ತೋಯ್ತಾ?" ಮಗು ಮತ್ತೆ ದಿಂಬಿಗೆ ಒರಗಿತು. "ಅಕ್ಟೋಬರ್ ಬಂದ್ರೆ ಅಲ್ಲಿ ಬೇಗ ಕತ್ತಲಾಗುತ್ತಲ್ಲ. ಇವತ್ತಿಂದ ನಾಲ್ಕೂವರೆಗೇ ಬಾರಿಸ್ತಾರೆ."

ಹೌದು. ಆ ಊರಿನ ಚಳಿಗಾಲದ ನಿಯಮ. ಧಾರಿಣಿಗೆ ಮರೆತೇ ಹೋಗಿತ್ತು. ಹಾಗಿರುವಾಗ ಇದು ಅವಳ ತಲೆಯೊಳಗಿನ ಭ್ರಮೆಯಾಗಿರಲು ಸಾಧ್ಯವಿರಲಿಲ್ಲ.

ಈ ಇಡೀ ಟವರಿನಲ್ಲಿ ಆ ನಿಯಮ ಗೊತ್ತಿರುವವರು ಮೂವರು. ಇಬ್ಬರು ಈ ಕೋಣೆಯಲ್ಲಿದ್ದರು.

ಗಂಜಿಯ ಡಬ್ಬಿ ಹಿಡಿದು ಬಂದ ಪಂಕಜಾ ಆಂಟಿಯನ್ನು ಮಗಳ ಬಳಿ ಕೂರಿಸಿದಳು. "ಐದು ನಿಮಿಷ ನೋಡ್ಕೊಳ್ಳಿ ಆಂಟಿ."

"ಎಲ್ಲಿಗೆ? ಮುಖ ಯಾಕೆ ಹೀಗೆ ಬಿಳಿಚಿದೆ?"

ಅವಳು ಆಗಲೇ ಬಾಗಿಲು ದಾಟಿದ್ದಳು. ಮೆಟ್ಟಿಲು ಹತ್ತಿದಳು.

ಹದಿಮೂರನೇ ಮಹಡಿಯ ಕಾರಿಡಾರಿನಲ್ಲಿ ಬಲ್ಬುಗಳಿರಲಿಲ್ಲ. ನೆಲದ ಮೇಲೆ ದಪ್ಪ ಧೂಳು. ಅದರಲ್ಲಿ ಒಂದೇ ಸಾಲಿನ ಹೆಜ್ಜೆಗುರುತು, ಹೋಗಿಬಂದು ಹೋಗಿಬಂದು ದಾರಿಯಂತೆ ಸವೆದಿತ್ತು. 1304ರ ಮುಂದೆ ಗಂಡಸಿನ ಒಂದು ಜೊತೆ ಬೂಟು, ತುದಿ ಹೊರಮುಖವಾಗಿ ಅಚ್ಚುಕಟ್ಟಾಗಿ ತಿರುಗಿಸಿಟ್ಟದ್ದು. ಇಲ್ಲಿ ಯಾರೂ ಹಾಗಿಡುವುದಿಲ್ಲ. ಅಲ್ಲಿ ಎಲ್ಲರೂ ಇಡುತ್ತಿದ್ದರು.

ಬಾಗಿಲು ಓರೆಯಾಗಿತ್ತು. ಒಳಗೆ ರಾಗ ಮತ್ತೊಮ್ಮೆ ಮುಗಿದು, ಆ ದನಿ ಈಗ ಸ್ಪಷ್ಟವಾಗಿ ಬಂದಿತು.

"ಬಾ... ಹೊತ್ತಾಯ್ತು, ಬಾ... ನಿಮ್ಮಪ್ಪನ್ನೂ ಎಳ್ಕೊಂಡು ಬಾ, ಅನ್ನ ಆರಿ ಹೋಗುತ್ತೆ!" ಮತ್ತು ಆ ನಗು.

ಅನ್ನ! ಅಪ್ಪ! ಇನ್ನೊಂದು ಸಂಸಾರವೇ ನಡೆಯುತ್ತಿದೆಯೇ ಇಲ್ಲಿ? ಧಾರಿಣಿ ಬಾಗಿಲನ್ನು ನೂಕಿದಳು.

ಕುರ್ಚಿಯಿಲ್ಲ, ಪರದೆಯಿಲ್ಲ. ಬರಿಯ ನೆಲ. ಅಡುಗೆಮನೆಯ ಕಟ್ಟೆಗೆ ಒರಗಿ ರಘುನಂದನ್ ಒಬ್ಬನೇ ಕುಳಿತಿದ್ದ. ತೊಡೆಯ ಮೇಲೆ ಅವಳೇ ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿ. ಕಣ್ಣು ಮುಚ್ಚಿದ್ದ. ಮೇಲೆ ಖಾಲಿ ಸಿಂಕಿನೊಳಗೆ ಅವನ ಫೋನು.

"ಯಾರು ರೀ ಅವಳು?"

ಅವನು ಬೆಚ್ಚಿ ಕಣ್ಣು ತೆರೆದ.

"ಧಾರಿಣಿ..."

"ಯಾರು ಅಂತ ಕೇಳ್ದೆ! ಬರೀ ದನಿ ಕೇಳೋಕೆ ಕದ್ದು ಬರೋವಷ್ಟು ಪ್ರೀತಿಯಾ? ಎಷ್ಟು ಖುಷಿಯಾಗಿದ್ದಾಳೆ, ಪಾಪ! ನಿಮ್ಮ ಹತ್ರ ಅಷ್ಟು ಖುಷಿಯಾಗಿರೋಕೆ ನನಗಂತೂ ಬರಲ್ಲ."

ಅವನು ಅವಳನ್ನೇ ನೋಡುತ್ತಿದ್ದ. ಕಣ್ಣಿನಲ್ಲಿ ತಪ್ಪಿತಸ್ಥನ ಭಯವಿರಲಿಲ್ಲ. ಅದಕ್ಕಿಂತ ಆಳವಾದ ಏನೋ ಗಾಬರಿ ಇತ್ತು.

"ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಏನು ಗೊತ್ತಾಗ್ಬೇಕು?"

"ಅದು ನೀನು."

ಧಾರಿಣಿ ಸಿಂಕಿನೊಳಗಿನ ಫೋನಿನತ್ತ ತಿರುಗಿದಳು.

"ಕಳೆದ ವರ್ಷ ಜೂನಲ್ಲಿ, ಮನೆ ಎದುರಿನ ಪಾರ್ಕಲ್ಲಿ. ರಾಗ ರೆಕಾರ್ಡ್ ಮಾಡೋಣ ಅಂತ ಫೋನ್ ಹಿಡಿದಿದ್ದೆ. ನೀನು ಮನೆಯ ಬಾಗಿಲಿಂದ ಕೂಗಿದೆ. ಕೇಳು."

ಮತ್ತೊಮ್ಮೆ ಹಾಕಿದ. ಗಂಟೆಗಳು. ಕಾಗೆಗಳು. ಹೆಂಗಸು. ಖಾಲಿ ಗೋಡೆಗಳಿಗೆ ಬಡಿದು ಆ ನಗು ಎರಡೆರಡು ಬಾರಿ ಕೇಳಿಸಿತು. ತನ್ನ ದನಿಯನ್ನು ಹೊರಗಿನಿಂದ ಯಾರು ತಾನೇ ಗುರುತಿಸುತ್ತಾರೆ? ಆದರೂ ಈ ಬಾರಿ ಅವಳಿಗೆ ಗುರುತು ಸಿಕ್ಕಿತು. ಹದಿನೇಳು ದಿನ ತಾನು ಹೆದರಿದ್ದು ತನಗೇ, ಹೊಟ್ಟೆಕಿಚ್ಚುಪಟ್ಟದ್ದು ತನ್ನ ಮೇಲೆಯೇ!

ಅವಳು ಧೂಳಿನ ನೆಲದ ಮೇಲೆ ಕುಳಿತಳು. "ರೀ... ಈ ಹೆಂಗಸು ಬದುಕಿದ್ದಾಳಾ?"

"ಅದನ್ನೇ ದಿನಾ ಇಲ್ಲಿ ಕೂತು ಯೋಚಿಸ್ತಿದ್ದೆ." ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟ. "ಇಲ್ಲಿಗೆ ಬಂದ್ಮೇಲೆ ನೀನು ಒಂದು ಸಲನೂ ಹಾಗೆ ನಗಲಿಲ್ಲ. ಈ ಫ್ಲ್ಯಾಟಿನ ಓನರ್ ವಾರಕ್ಕೊಂದು ಸಲ ನಲ್ಲಿ ಬಿಟ್ಟು ನೋಡಿ ಅಂತ ಬೀಗದ ಕೈ ಕೊಟ್ಟಿದ್ರು. ಫ್ಯಾಕ್ಟರಿಯಿಂದ ಹತ್ತೇ ನಿಮಿಷ ಅಲ್ವಾ, ಒಂದು ದಿನ ಊಟದ ಹೊತ್ತಿಗೆ ಬಂದೆ. ಆಮೇಲೆ ದಿನಾ. ಸರಿಯಾಗಿ ಅಲ್ಲಿನ ಹೊತ್ತಿಗೆ ಹಾಕಿದ್ರೆ... ಆ ಮನೆ ಇನ್ನೂ ಇದೆ ಅನ್ನಿಸ್ತಿತ್ತು."

"ನಾನು ಕೇಳ್ದಾಗ ಸುಳ್ಳು ಹೇಳಿದ್ರಿ! ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡೆ..."

"ಗೊತ್ತು. ಅವತ್ತೇ ನಿಲ್ಲಿಸ್ಬೇಕಿತ್ತು. ದನಿ ಕಡಿಮೆ ಮಾಡ್ದೆ. ನಿಲ್ಲಿಸೋಕೆ ಆಗ್ಲಿಲ್ಲ. ತಪ್ಪು ನಂದು."

"ಅಷ್ಟು ಬೇಕಿದ್ರೆ ಯಾಕೆ ಬಿಟ್ಟು ಬಂದ್ರಿ? ಹುದ್ದೆಗೋಸ್ಕರ ಅಲ್ವಾ?"

ಅವನು ಆಶ್ಚರ್ಯದಿಂದ ತಲೆ ಎತ್ತಿದ. "ಹುದ್ದೆನಾ? ಧಾರಿಣಿ, ಧನ್ಯಾಗೆ ನ್ಯುಮೋನಿಯಾ ಆದಾಗ ಆಸ್ಪತ್ರೆ ಕಾರಿಡಾರಲ್ಲಿ ನೀನೇ ಅಂದಿದ್ದೆ. 'ಇಲ್ಲಿ ನನ್ನವರು ಅಂತ ಯಾರಿದ್ದಾರೆ' ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವಳಿಗೆ ಆ ರಾತ್ರಿ ನೆನಪಿತ್ತು. ಆ ಮಾತು ನೆನಪಿರಲಿಲ್ಲ.

"ಮೂರು ದಿನ ನಿದ್ದೆ ಮಾಡದ ತಾಯಿ ಆಡಿದ ಮಾತು ರೀ ಅದು! ಅದನ್ನ ನಂಬಿ ನನ್ನ ಬದುಕನ್ನೇ ಪ್ಯಾಕ್ ಮಾಡಿಬಿಟ್ರಾ? ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿದ್ರೆ ನೀನು ನನ್ನ ಕೆಲಸ ನೆನೆಸಿಕೊಂಡು 'ಬೇಡ' ಅಂತಿದ್ದೆ. ನಿನಗೆ ನಿನ್ನ ದೇಶ ವಾಪಸ್ ಕೊಟ್ಟೆ ಅಂದ್ಕೊಂಡೆ. ಕಿತ್ಕೊಂಡೆ ಅಂತ ಗೊತ್ತಾದ್ಮೇಲೆ... ಆ ಊರಿನ ಹೆಸರು ಎತ್ತೋಕೂ ಬಾಯಿ ಬರ್ಲಿಲ್ಲ."

ಡಕ್ಟಿನೊಳಗೆ ಎಲ್ಲೋ ನೀರು ಇಳಿಯುವ ಸದ್ದು.

ಧಾರಿಣಿ ತನ್ನ ಫೋನ್ ತೆಗೆದು, ಬರೆದಿಟ್ಟಿದ್ದ ಉತ್ತರವನ್ನು ಅವನ ಮುಂದೆ ಹಿಡಿದಳು. ಅವನು ಓದಿದ. 'ನಾನು ಮತ್ತು ನನ್ನ ಮಗಳು.' ಅವನ ಹೆಬ್ಬೆರಳು ಆ ಸಾಲಿನ ಮೇಲೆ ನಿಂತಿತು.

"ಇಬ್ಬರೇನಾ?"

"ಹಳೇ ಲ್ಯಾಬಿಂದ ಕರೆದಿದ್ದಾರೆ, ಇವತ್ತು ಸಂಜೆಯೊಳಗೆ ಉತ್ತರ ಕಳಿಸ್ಬೇಕು. ನೀವು ಬರಲ್ಲ ಅಂದ್ಕೊಂಡೆ."

"ನೀನೂ ಕೇಳ್ಲಿಲ್ಲ," ಅಂದ ಅವನು. ದೂರಿರಲಿಲ್ಲ ಅದರಲ್ಲಿ, ದಣಿವಿತ್ತು.

ಅವಳ ಕಣ್ಣು ತುಂಬಿತು. ಹೌದು, ಅವಳೂ ಕೇಳಿರಲಿಲ್ಲ. ಗಂಡನ ಹೊಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ತನ್ನದನ್ನು ಕೋಷ್ಟಕದಿಂದ ಹೊರಗಿಟ್ಟಿದ್ದಳು.

"ಹಾಗಾದ್ರೆ ಈಗ ಕೇಳ್ತೀನಿ." ಕಣ್ಣೊರೆಸಿಕೊಂಡು ನೇರ ಕುಳಿತಳು. "ನನಗೆ ವಾಪಸ್ ಹೋಗ್ಬೇಕು. ನನ್ನ ಕೆಲಸ ನನಗೆ ಬೇಕು. ನೀವು ಬರ್ತೀರಾ?"

"ಬರ್ತೀನಿ."

"ಯೋಚನೆ ಮಾಡಿ ಹೇಳಿ! ನಿಮ್ಮ ಕೆಲಸ?"

"ಹುಡುಕ್ತೀನಿ. ಸಿಗೋವರೆಗೂ ಅನ್ನ ನಾನು ಮಾಡ್ತೀನಿ. ಆರಿದ್ರೆ ನೀನು ಬೈ."

ಅವಳು ನಕ್ಕುಬಿಟ್ಟಳು. ಅಳುವಿನ ನಡುವೆ ಬಂದ ಒರಟು ನಗು. ರೆಕಾರ್ಡಿನಲ್ಲಿದ್ದ ನಗುವಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ರಘುನಂದನ್ ಮಾತ್ರ ಉಸಿರು ಬಿಗಿಹಿಡಿದು ಕೇಳಿದ.

ಧಾರಿಣಿ ಉತ್ತರವನ್ನು ತಿದ್ದಿದಳು: 'ನಾವು ಮೂವರು.' ಅವನಿಗೆ ಓದಿ ಹೇಳಿ, ಅವನು ತಲೆಯಾಡಿಸಿದ ಮೇಲೆಯೇ ಕಳುಹಿಸಿದಳು.

"ಒಂದು ವಿಷಯ," ಅಂದ ಅವನು ಮೆಲ್ಲಗೆ. "ಅಲ್ಲಿಗೆ ಹೋದ್ರೂ ಆ ದಿನಗಳು ವಾಪಸ್ ಸಿಗಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಧನ್ಯಾನೂ ದೊಡ್ಡವಳಾಗಿದ್ದಾಳೆ."

"ಗೊತ್ತು."

"ಅಲ್ಲಿ ಹೋಗಿ ಇಲ್ಲಿಗಿಂತ ಜಾಸ್ತಿ ಅಳು ಬಂದ್ರೆ?"

ಧಾರಿಣಿ ಅವನ ಹೆಗಲಿಗೆ ತಲೆಯಾನಿಸಿದಳು.

"ಬಂದ್ರೆ ನಿಮಗೇ ಹೇಳ್ತೀನಿ. ಆದ್ರೆ ನೀವು ಊಹೆ ಮಾಡ್ಕೂಡ್ದು. ಬಾಯಿ ಬಿಟ್ಟು ಕೇಳ್ಬೇಕು."

"ದಿನಾ ಕೇಳ್ತೀನಿ."

"ದಿನಾ ಬೇಡ, ತಲೆನೋವು!" ಅವಳು ಅವನ ಬೆರಳುಗಳನ್ನು ಹಿಡಿದುಕೊಂಡಳು. "ಇವತ್ತು ಕೇಳಿ, ಸಾಕು."

"ಧಾರಿಣಿ... ಹೇಗಿದ್ದೀಯ?"

ಆರು ತಿಂಗಳಲ್ಲಿ ಅವಳ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಅವಸರಪಡಲಿಲ್ಲ. ಸತ್ಯವನ್ನೇ ಹೇಳಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದಳು.

"ಹಸಿವಾಗ್ತಿದೆ ರೀ," ಎಂದಳು. "ಬಹಳ ದಿನಗಳಾದ್ಮೇಲೆ."