ಕಾಂಗೋದಲ್ಲಿ ಉಳಿದ ಕಂಬಳಿ

ಗದಗಿನ ಕಡೆಯಿಂದ ಬರುವ ಗಾಡಿ ವಿಜಾಪುರ ಮುಟ್ಟುವ ಮೊದಲು ಇಬ್ರಾಹಿಂಪುರದ ರೈಲ್ವೆ ಗೇಟಿನ ಹತ್ತಿರ ನಿಧಾನವಾಗುತ್ತದೆ ಎಂಬುದು ಮಲಕವ್ವನಿಗೆ ಗೊತ್ತಿತ್ತು. ಮದುವೆ ಗೊತ್ತಾದ ಹುಡುಗಿ ಹುಡುಗನನ್ನು ನೋಡಲು ಸ್ಟೇಶನ್ನಿಗೇ ಹೋದರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೇ ಉಣ್ಣೆ ಮಾರುವ ನೆವ ಮಾಡಿಕೊಂಡು, ಸೋದರತ್ತೆ ಸಕ್ರವ್ವನನ್ನು ಎಳೆದುಕೊಂಡು, ತಮ್ಮೂರು ತೊರವಿಯಿಂದ ನಡೆದು ಬಂದು ಗೇಟಿನ ಬಳಿ ನಿಂತಿದ್ದಳು. ೧೯೬೨ರ ಬೇಸಿಗೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಅಮೋಘಿ ಡಬ್ಬಿಯ ಬಾಗಿಲಲ್ಲೇ ನಿಂತಿದ್ದ. ವರ್ಷದ ಹಿಂದೆ ನಿಶ್ಚಯವಾದ ಕೂಡಲೇ ಮಿಲಿಟರಿಯವರು ಅವನನ್ನು ಆಫ್ರಿಕಾದ ಕಾಂಗೋ ದೇಶಕ್ಕೆ ಕಳಿಸಿದ್ದರು. ಅಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಶಾಂತಿ ಕಾಯುವ ಕೆಲಸ. ಕಪ್ಪಾಗಿದ್ದ, ಸಣ್ಣಗಾಗಿದ್ದ. ಅವಳನ್ನು ಕಂಡವನೇ ಒಂದು ಹುಬ್ಬು ಮೇಲೆತ್ತಿ, ಇಷ್ಟು ದೂರ ಉಣ್ಣೆ ಮಾರಲು ಬಂದೆಯಾ ಎನ್ನುವ ಹಾಗೆ ನಕ್ಕ. ಮಲಕವ್ವನ ಕೆನ್ನೆ ಬಿಸಿಯಾಯಿತು. ನಾಚಿ ಕಣ್ಣು ಇಳಿಸಬೇಕೆಂದವಳು ಅವನ ಹೆಗಲು ನೋಡಿದಳು. ಹೆಗಲು ಬರಿದಾಗಿತ್ತು.

ಅವಳ ಮುಖದ ನಗು ಅಲ್ಲೇ ಆರಿತು. ಅವಳು ಬೆನ್ನು ತಿರುಗಿಸಿದಳು.

ಆ ಹೆಗಲ ಮೇಲೆ ಅವಳು ಕೊಟ್ಟ ಕಂಬಳಿ ಇರಬೇಕಿತ್ತು. ಕುರಿ ಸಾಕುವ ಅವರ ಮನೆತನಗಳಲ್ಲಿ ನಿಶ್ಚಯದ ದಿನ ಹೆಣ್ಣು ತಾನೇ ನೂತ ನೂಲಿನ ಕರಿ ಕಂಬಳಿಯನ್ನು ಗಂಡಿಗೆ ಹೊದಿಸುತ್ತಾಳೆ. ಮದುವೆಯ ದಿನ ಇಬ್ಬರೂ ಕೂಡುವುದು ಅದರ ಮೇಲೆಯೇ. ಎಳೆಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಆರಿಸಿ ಆರಿಸಿ ಅವಳು ನೂತಿದ್ದಳು. ತಂದೆ ಮಲಕಾಜಪ್ಪ ನೇಯ್ದಿದ್ದ.

ಒಂದು ವಾರದೊಳಗೆ ಬಬಲೇಶ್ವರದ ಸಂತೆಯಲ್ಲಿ ಸುದ್ದಿ ಹಬ್ಬಿತು. ಹಬ್ಬಿಸಿದ್ದು ಯಾರೋ ವೈರಿಯಲ್ಲ, ಅಮೋಘಿಯ ತಾಯಿ ರಾಚವ್ವನೇ. ಕಂಬಳಿ ಎಲ್ಲಿ ಎಂದು ಅವಳು ಕೇಳಿದಾಗ ಈ ಮಹಾಶಯ, ಅಲ್ಲಿ ಒಬ್ಬ ಹೆಣ್ಣುಮಗಳಿಗೆ ಹೊದಿಸಿದೆ ಎಂದು ಹೇಳಿ ಊಟಕ್ಕೆ ಕುಳಿತಿದ್ದನಂತೆ. ವರ್ಷಗಟ್ಟಲೆ ಪಲ್ಟನ್ನಿನಲ್ಲಿ ಇದ್ದವನಿಗೆ ತನ್ನವರ ಪದ್ಧತಿಯೇ ಮರೆತುಹೋಗಿತ್ತು. ಗಂಡಸು ತನ್ನ ಕಂಬಳಿಯನ್ನು ಒಬ್ಬ ಹೆಂಗಸಿಗೆ ಹೊದಿಸಿದರೆ ಅವಳನ್ನು ಮನೆ ತುಂಬಿಸಿಕೊಂಡ ಹಾಗೆಯೇ. ಅವರಲ್ಲಿ ವಿಧವೆಯರ ಮರುಮದುವೆಯೂ ಹೀಗೆ ಕಂಬಳಿ ಹೊದಿಸುವುದರಲ್ಲೇ ಮುಗಿಯುತ್ತದೆ. ರಾಚವ್ವ ಎದೆ ಬಡಿದುಕೊಂಡು ಅತ್ತಳು, ಓಣಿ ಕೇಳಿಸಿಕೊಂಡಿತು.

ಮಲಕವ್ವ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ರೊಟ್ಟಿ ಬಡಿಯುವಾಗ ಸಿಟ್ಟು, ನೀರು ಸೇದುವಾಗ ಸಿಟ್ಟು. ಯಾರದೋ ದೇಶ, ಯಾರದೋ ಜಗಳ, ಅದರ ನಡುವೆ ತನ್ನ ಹುಡುಗನನ್ನು ಕರೆದೊಯ್ದು ನಿಲ್ಲಿಸಿದವರ ಮೇಲೂ ಸಿಟ್ಟು. ವರ್ಷವಿಡೀ ಅವಳು ವಿಜಾಪುರದಲ್ಲಿ ದಾವಲಸಾಬನ ಚಹಾದಂಗಡಿಯ ರೇಡಿಯೋ ಕೇಳಲು ಏನೇನೋ ನೆವ ಹುಡುಕಿದ್ದಳು. ಗುಂಡು ಹಾರಿತು, ಮಾತುಕತೆ ನಡೆಯಿತು, ಮತ್ತೆ ಗುಂಡು ಹಾರಿತು ಎಂದೇ ಅದು ಒದರುತ್ತಿತ್ತು. ಬದುಕಿ ಬರಲಿ ಎಂದಷ್ಟೇ ಅವಳು ಬೇಡಿಕೊಂಡಿದ್ದಳು. ಬಂದ, ಹೀಗೆ.

ಆ ದಿನಗಳಲ್ಲಿ ಅವಳ ತಂದೆಯ ಹಿಂಡು ಸಾರವಾಡದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ತಂಗಿತ್ತು. ಉಣ್ಣೆ ಕತ್ತರಿಸುವ ದಿನ ಕೈ ಸಾಲದೆ ಮಲಕವ್ವನೂ ಕತ್ತರಿ ಹಿಡಿದು ಕುಳಿತಿದ್ದಳು. ಯಾರೂ ಕರೆಯದೆ ಅಮೋಘಿ ಬಂದ. ಬಂದವನು ಅವಳ ಮುಂದಿದ್ದ ಕುರಿಯ ಕಾಲು ಗಟ್ಟಿಯಾಗಿ ಹಿಡಿದು ಕುಳಿತ. ತಂದೆ ದೂರದಿಂದ ನೋಡಿ ಮುಖ ತಿರುಗಿಸಿದ.

"ಆಕಿ ಹೆಸರೇನು?" ಮಲಕವ್ವ ಕೇಳಿದಳು.

"ಕೇಳಲಿಲ್ಲ. ಅವರ ಮಾತು ನನಗ ಬರೂದಿಲ್ಲ."

"ಹೆಸರು ಕೇಳದನ ಆಕಿನ್ನ ಮನಿ ತುಂಬಿಸಿಕೊಂಡಿ?"

ಅವನ ತುಟಿಯ ಅಂಚಿನಲ್ಲಿ ನಗು ಇಣುಕಿತು. ಮದುವೆಗೆ ಮೊದಲೇ ಇಷ್ಟು ಜಗಳಾಡುವ ಹುಡುಗಿ ಎಲ್ಲಿ ಸಿಗುತ್ತಾಳೆ ಎನ್ನುವಂಥ ನಗು.

"ನಗಬ್ಯಾಡ. ಕತ್ತರಿ ಕೈಯಾಗೈತಿ."

ಅವನು ನಗು ನುಂಗಿದ. ಅವಳ ಕೈಯನ್ನೇ ನೋಡುತ್ತ ಹೇಳಲು ಶುರುಮಾಡಿದ. ಅವನಿದ್ದ ಪಟ್ಟಣದ ಹೊರಗೆ ನಿರಾಶ್ರಿತರ ಕ್ಯಾಂಪು ಇತ್ತು. ಕಣ್ಣು ಹಾಯುವಷ್ಟು ದೂರ ಜನ, ಕೊಂಬೆ ಮತ್ತು ಗೋಣಿತಟ್ಟಿನ ಗುಡಿಸಲು, ಮೇಲೆ ಮಳೆ. ನೆಲದ ಕೆಳಗೆ ತಾಮ್ರ. ಆ ತಾಮ್ರ ಬೇಕಾದವರು ಬಾಡಿಗೆ ಸಿಪಾಯಿಗಳನ್ನು ತಂದು ನಿಲ್ಲಿಸಿದ್ದರು. ಅವರು ರಸ್ತೆ ಅಡ್ಡಗಟ್ಟಿದ ಒಂದು ದಿನ ಹಾಲಿನ ಪುಡಿಯ ಲಾರಿ ಒಳಗೆ ಬರಲಿಲ್ಲ. ದೊಡ್ಡ ಸಾಹೇಬರುಗಳು ಮೇಜಿನ ಸುತ್ತ ಮಾತಾಡುತ್ತಲೇ ಇದ್ದರು. ಕ್ಯಾಂಪಿನ ಬೇಲಿಗೆ ಒರಗಿ ಒಬ್ಬಳು ಕೂಸನ್ನು ಎತ್ತಿಕೊಂಡು ತೋಯುತ್ತ ಕುಳಿತಿದ್ದಳು. ಪಹರೆಯಲ್ಲಿದ್ದ ಅಮೋಘಿ ಕಂಬಳಿ ಬಿಚ್ಚಿ ಇಬ್ಬರಿಗೂ ಹೊದಿಸಿದ್ದ.

"ಮುಂಜಾನಿ ನೋಡಿದ್ರ ಕೂಸು ಸತ್ತಿತ್ತು," ಎಂದ. "ಆಕಿ ನನ್ನ ಮಾರಿ ನೋಡಿದ್ಳು. ಅದ ಕಂಬಳ್ಯಾಗ ಸುತ್ತಿ ಮಣ್ಣು ಕೊಟ್ಳು. ಆಕಿ ಕೈಯಾಗಿಂದ ಕಸಗೊಳ್ಳಬೇಕಿತ್ತೇನು ನಾನು?"

ಕತ್ತರಿ ನಿಂತಿತು.

ಮದುವೆಯ ದಿನ ಕೂಡಬೇಕಾದ ಕಂಬಳಿ ಒಂದು ಕೂಸಿನ ಜೊತೆ ಮಣ್ಣಾಗಿತ್ತು. ಹೆಂಗಸಿನ ಸುದ್ದಿಯಾದರೆ ಪಂಚರಿಗೆ ದಂಡ ಕಟ್ಟಿ ಮುಗಿಸಬಹುದು. ಇಂಥ ಅಪಶಕುನ ತಿಳಿದರೆ ಯಾವ ಹಿರಿಯನೂ ಈ ಮದುವೆಗೆ ಒಪ್ಪುವುದಿಲ್ಲ, ಮಲಕಾಜಪ್ಪನಂತೂ ಹೆದರಿಯೇ ಬಿಡುತ್ತಾನೆ. ಅದಕ್ಕೇ ಅಮೋಘಿ ಕೂಸಿನ ವಿಷಯ ಬಿಟ್ಟು ತಾಯಿಗೆ ಅರ್ಧ ಹೇಳಿದ್ದ. ಪಂಚರ ಮುಂದೆ, ಹಡಗಿನಲ್ಲಿ ಕಳುವಾಯಿತು, ತಾಯಿಗೆ ತಮಾಷೆ ಮಾಡಿದ್ದೆ ಎಂದುಬಿಡುತ್ತೇನೆ ಅಂದ. ಅವಳನ್ನು ಕಳೆದುಕೊಳ್ಳುವ ಧೈರ್ಯ ತನಗಿಲ್ಲ ಎಂದೂ ಅಂದ. ಇಷ್ಟು ನೇರವಾಗಿ ಅವನು ಹೇಳಿದ್ದು ಅದೇ ಮೊದಲು.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಕರಗಿಹೋಗುತ್ತಿದ್ದಳು.

"ಆ ಕೂಸು ಸತ್ತದ್ದು ರೇಡಿಯೋದಾಗ ಬರಲಿಲ್ಲ, ಅಲ್ಲಿ ದೊಡ್ಡಮಂದಿ ಮುಚ್ಚ್ಯಾರ," ಅಂದಳು ಮಲಕವ್ವ. "ನೀ ಇಲ್ಲಿ ಮುಚ್ಚಾಕ ಬಂದೀಯೇನು? ಹಂಗ ಸುಳ್ಳು ಹೇಳಿ ನನ್ನ ಬಾಜೂಕ ಕೂಡ್ರಬ್ಯಾಡ."

ಕುರಿಯನ್ನು ಬಿಟ್ಟು ಎದ್ದು ಹೋದಳು. ಅರ್ಧ ಉಣ್ಣೆಯ ಕುರಿ ಅಮೋಘಿಯನ್ನೇ ನೋಡುತ್ತ ನಿಂತಿತು.

ಪಂಚರು ತೊರವಿಯಲ್ಲಿ ಅವಳ ಮನೆಯ ಅಂಗಳದಲ್ಲೇ ಕೂಡಿದರು. ತಿಕೋಟಾದಿಂದ ಹಿರಿಯ ಅಮಸಿದ್ದ ಬಂದಿದ್ದ, ಕೊನೆಯ ಮಾತು ಅವನದೇ. ಅವನು ಕೆಟ್ಟವನಲ್ಲ, ದಾರಿಯನ್ನೂ ತಾನೇ ತೋರಿಸಿದ. ಕಳುವಾಯಿತು ಎಂದು ದೇವರ ಭಂಡಾರ ಮುಟ್ಟಿ ಹೇಳಿಬಿಡು, ಹೊಸ ಕಂಬಳಿ ನೇಯ್ದುಕೊಳ್ಳೋಣ ಎಂದ. ಭಂಡಾರದ ಅರಿಶಿನ ಪುಡಿಯ ಬಟ್ಟಲು ಅಮೋಘಿಯ ಮುಂದೆ ಬಂತು. ಬಾಗಿಲ ಮರೆಯಲ್ಲಿ ನಿಂತಿದ್ದ ಮಲಕವ್ವನ ಕಡೆ ಅವನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

ಅವನು ಬಟ್ಟಲು ಪಕ್ಕಕ್ಕಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಹೆಣದ ಜೊತೆ ಹೋದ ಕಂಬಳಿಯ ಹೆಸರಿನಲ್ಲಿ ಮದುವೆ ಹೇಗೆ ಎಂದು ಒಬ್ಬ ಕೇಳಿದ. ಇನ್ನೊಬ್ಬ, ಅಲ್ಲಿಯವರ ಕೂಸಿಗೂ ನಮಗೂ ಏನು ಸಂಬಂಧ, ಇವನಿಗೆ ಯಾಕೆ ಬೇಕಿತ್ತು ಎಂದ. ಮಲಕವ್ವನಿಗೆ ಅಷ್ಟೇ ಸಾಕಾಯಿತು. ಸೆರಗು ಸೊಂಟಕ್ಕೆ ಸಿಗಿಸಿ ಹೊರಗೆ ಬಂದಳು. ಸಕ್ರವ್ವ ತೋಳು ಹಿಡಿದರೂ ಕೇಳಲಿಲ್ಲ.

"ಅದನ್ನ ನೂತಾಕಿ ನಾನು," ಅಂದಳು. "ಹಾಲು ಕೊಡಲಿಲ್ಲ ಯಾರೂ. ಅಷ್ಟು ದೇಶದ ಮಂದಿ ಕೂಡಿ ಒಂದು ಲಾರಿ ದಾಟಸಲಿಲ್ಲ. ನನ್ನ ಕಂಬಳಿ ಒಂದ ಆ ಕೂಸಿಗೆ ಸಿಕ್ಕದ್ದು. ಅದನ್ನ ಅಪಶಕುನ ಅನ್ನವ್ರು ಎದ್ದು ಹೋಗ್ರಿ."

ಹಾಗೆ ಅಂದವಳೇ ಅಮೋಘಿಯ ಪಕ್ಕದಲ್ಲಿ ಬರಿ ನೆಲದ ಮೇಲೆ ಕುಳಿತುಬಿಟ್ಟಳು. ಮದುವೆಗೆ ಮೊದಲು ಹಾಗೆ ಕೂಡುವ ಹೆಣ್ಣನ್ನು ಆ ಅಂಗಳ ಕಂಡಿರಲಿಲ್ಲ. ಅಮಸಿದ್ದ ರುಮಾಲು ಸರಿಮಾಡಿಕೊಂಡು ಎದ್ದ. ಅವನ ಹಿಂದೆ ಉಳಿದವರೂ ಎದ್ದರು. ಮಲಕಾಜಪ್ಪ ಒಬ್ಬನೇ ಕುಳಿತಲ್ಲೇ ಕುಳಿತಿದ್ದ.

"ಕೂಸು ಗಂಡೋ, ಹೆಣ್ಣೋ?" ಅವನು ಕೇಳಿದ. ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

"ಹೆಣ್ಣು," ಎಂದ ಅಮೋಘಿ.

ಮಲಕಾಜಪ್ಪ ಮುಂದೆ ಸರಿದು ಬಟ್ಟಲಿಗೆ ಕೈ ಹಾಕಿದ. ಮಗಳ ಹಣೆಗೂ ಅಳಿಯನ ಹಣೆಗೂ ಭಂಡಾರ ಬಳಿದ. ಮದುವೆಯ ದಿನ ಬದಲಾಗುವುದಿಲ್ಲ ಎಂದು, ಹೊರಟು ನಿಂತಿದ್ದ ಪಂಚರಿಗೆ ಕೇಳುವ ಹಾಗೆ ಹೇಳಿದ. ಅವರು ತಿರುಗಿ ಬರಲಿಲ್ಲ. ಅವನೂ ಕರೆಯಲಿಲ್ಲ.

ಅಮೋಘಿ ಕಣ್ಣೊರೆಸಿಕೊಂಡು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದ.

"ಸಿಟ್ಟು ಹೋತೇನು?"

"ನಿನ್ನ ಮ್ಯಾಲಿಂದು ಹೋತು," ಅಂದಳು ಮಲಕವ್ವ. "ಉಳದದ್ದು ಹೋಗೂದಿಲ್ಲ. ಹೋಗಲೂಬಾರದು."